ಹರಿಗೋಲೋ, ಹಾಯಿದೋಣಿಯೋ

ರಾತ್ರಿಶಾಲೆಗೆಂದು ಸಂಜೆ ಹೊರಟು ಬಸ್ಸಿನ ಸಾಲಿನಲ್ಲಿ ನಿಂತಿದ್ದ ಶಾಮಣ್ಣನ ಮುಂದೆ ಅಣ್ಣತಮ್ಮಂದಿರಿಬ್ಬರು ಮಾತಾಡುತ್ತಿದ್ದರು. ಕೇಳಬಾರದೆಂದುಕೊಂಡರೂ ಕಿವಿಗೆ ಬೀಳುತ್ತಿತ್ತು.

“ಮಾದೇವುನ್ನ ಹುಡುಕಕ್ಕೆ ಹರಿಗೋಲೇ ಸಾಕು ಕಣಣ್ಣ. ತಲೆ ಮೇಲೆ ಹೊತ್ಕೊಂಡೋಗಿ ಎಲ್ಲಿ ಬೇಕಾದ್ರೂ ನೀರಿಗೆ ಬುಡ್ಬೋದು.”

“ಕನ್ನಂಬಾಡಿ ಹಿನ್ನೀರಿನ ಗಾಳಿಗೆ ಅದು ಬುಗುರಿ ಆಗೋಯ್ತದೆ ಕಣ್ಲಾ. ಹಾಯಿದೋಣಿ ಆಚೆ ದಡದ ಗಂಟ ಓಯ್ತದೆ.”

“ಅದನ್ನ ಗಾಡಿಗೇರ್ಸಿ ಇಳ್ಸೋ ಅಷ್ಟರಲ್ಲಿ ಕತ್ಲಾಗೋಯ್ತದೆ. ಮೊನ್ನೆ ಬಲೆ ಹಾಕಕ್ಕೋದೋನು ಯಾವ್ದೋ ನಡುಗಡ್ಡೇಲಿ ನಮ್ಮನ್ನ ಬೈಕೊಂಡು ಕೂತಿರ್ತಾನೆ. ಹರಿಗೋಲಲ್ಲಿ ಮೂರು ಜನಾನೂ ಕೂತ್ಕೊಂಡು ಬರ್ಬೋದು.”

ಅಣ್ಣ ಹೇಳಿದ: “ಕೂತ್ಕೊಂಡಾದ್ರೆ ಬರ್ಬೋದು ಕಣೋ. ಆ ಗುಂಡನೇದ್ರಲ್ಲಿ ಅವನ್ನ ನೆಟ್ಟಗೆ ಮಲಗ್ಸಕ್ಕಾಗಲ್ಲ.”

ಬಸ್ಸು ಬಂತು. ತಮ್ಮ ಹತ್ತಲಿಲ್ಲ, ಟವಲಿನಿಂದ ಮುಖ ಒರೆಸಿಕೊಂಡ.

“ಹಂಗಾರೆ ಗಾಡಿ ಯಾರ ತಾವ ಕೇಳನ?”

ಇಬ್ಬರೂ ಸಾಲು ಬಿಟ್ಟು ಹೊರಟರು. ಏನಾದರೂ ಹೇಳಬೇಕಿತ್ತೇನೋ ಎಂದುಕೊಳ್ಳುತ್ತಲೇ ಶಾಮಣ್ಣ ದಾರಿ ಬಿಟ್ಟ.