ಸಮ್ಮೇದ ಆಡುವ ತನಕ

ಕಾಗವಾಡ ನಿಲ್ದಾಣದಲ್ಲಿ ಮೀರಜ ಬಸ್ಸಿಗೆ ಕಾಯುತ್ತಿದ್ದ ಗೌರಾಬಾಯಿಯ ಪಕ್ಕದಲ್ಲಿ ಇಬ್ಬರು ಹೆಂಗಸರಿದ್ದರು. ಕಿರಿಯವಳು ಡಬ್ಬಿ ತೆರೆದು ಹಿರಿಯವಳತ್ತ ಶೇಂಗಾ ಉಂಡಿ ಚಾಚಿದಳು.

"ತಗೋರಿ ಕಾಕು."

"ಬ್ಯಾಡ ಸ್ನೇಹಲ, ಬೆಲ್ಲ ಬಿಟ್ಟೀನಿ. ನಮ್ಮ ಮಗ ಸಮ್ಮೇದ ದೇಶದ ದೊಡ್ಡ ಫುಟ್‌ಬಾಲ್ ಲೀಗಿನ್ಯಾಗ ಆಡೂತನಕ ತಿನ್ನಂಗಿಲ್ಲಂತ ಮುನಿ ಮಹಾರಾಜರ ಮುಂದ ನಿಯಮ ತಗೊಂಡೀನಿ."

"ಲೀಗ್ ಮುಗೀತಲ್ರಿ?"

"ಮುಗೀತು. ಸೀಜನ್ ಪೂರ್ತಿ ಬೆಂಚಿನ ಮ್ಯಾಲೆ ಕುಂತ ಬಂದ."

"ಮುಂದಿನ ವರ್ಷ ಆಡ್ತಾನ ತಗೋರಿ."

"ಕ್ಲಬ್ಬಿನವರು ಕೈಬಿಟ್ಟಾರ. ದ್ರಾಕ್ಷಿಗೆ ಔಷಧ ಹೊಡ್ಯಾಕತ್ತಾನ. ಇನ್ನ ಬೂಟ ಹಾಕೂದಿಲ್ಲ ಅಂದಾನ."

"ಹಂಗಾರ ನಿಮ್ಮ ನಿಯಮ?"

ಉತ್ತರಕ್ಕಾಗಿ ಗೌರಾಬಾಯಿಯೂ ತಲೆ ಎತ್ತಿದಳು.

"ಆಡೂತನಕ ಅಂದೀನಿ. ನಿಯಮ ಹಂಗ ನಡೀತೈತಿ."

ಶೇಡಬಾಳದ ಬಸ್ಸು ಬಂತು. ಹಿರಿಯವಳು ಎದ್ದಳು.

"ಸಮ್ಮೇದಗ ಎರಡ ಉಂಡಿ ಕಟ್ಟಿಕೊಡ. ಅವನ ಮುಂದ ಇದನ್ನೆಲ್ಲಾ ಹೇಳಬ್ಯಾಡ ಮತ್ತ. ನನಗ ಶುಗರ್ ಐತಂತ ತಿಳದಾನ."