ಕೊಂಗಲ ಚೆರುವಿನ ಚೀಟಿ

ಅಲ್ಲಪ್ಪ ಸುಬ್ಬು, ಮೊದಲು ಆ ಕಾಫಿ ಕುಡಿ. ಬಂದು ಅರ್ಧ ಗಂಟೆ ಆಯ್ತು, ಲೋಟ ಹಿಡ್ಕೊಂಡು ಹಾಗೇ ಕೂತಿದೀಯ. ಸಮಿತಿ ಕೂರೋದು ನಾಳೆ ಹನ್ನೊಂದಕ್ಕೆ. ಬೆಳಗ್ಗೆ ವೈಜಾಗಲ್ಲಿ ವಿಮಾನ ಹತ್ತಿ, ಗನ್ನವರಂನಲ್ಲಿ ಇಳಿದು, ಬೆಂಜ್ ಸರ್ಕಲ್ಲಲ್ಲಿ ಒಂದು ಗಂಟೆ ಬೆಂದು, ನಮ್ಮ ಪಟಮಟದ ಮನೆ ಹುಡುಕ್ಕೊಂಡು ಬಂದಿದೀಯ... ಮಗಳಿಗೋಸ್ಕರ. ನನಗೆ ಅರ್ಥ ಆಗಲ್ವಾ?

ನಾಳೆ ನನ್ನನ್ನ ಕರೆದು ಕೇಳ್ತಾರೆ, ಆಗ ಹರಿಣಿ ಪರವಾಗಿ ಒಂದು ಮಾತು ಹೇಳು ಅಂತೀಯ. ಹೇಳ್ತೀನಿ, ಯಾಕೆ ಹೇಳಲ್ಲ? ಚಿತ್ರದುರ್ಗದ ಹಾಸ್ಟೆಲಲ್ಲಿ ಒಂದೇ ತಟ್ಟೇಲಿ ಉಂಡೋರು ನಾವು. ನೀನು ಸ್ಟೀಲ್ ಪ್ಲಾಂಟ್ ಸೇರಿದೆ, ನಾನು ಕಲ್ಲು ಹುಡುಕೋ ಇಲಾಖೆ ಸೇರಿದೆ. ನಿನ್ನ ಮಗಳನ್ನ ಸರ್ವೆಗೆ ತಗೊಂಡೋನೂ ನಾನೇ ತಾನೆ? ಬುದ್ಧಿವಂತೆ. ತುಂಬಾನೇ ಬುದ್ಧಿವಂತೆ. ಆಫೀಸಲ್ಲಿ ಎಲ್ಲರೂ ಅದನ್ನೇ ಹೇಳೋದು. ದಿನಾ ಹೇಳ್ತಾರೆ. ಊಟಕ್ಕೆ ಮುಂಚೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ.

ಯಾಕೆ ನಗ್ತೀಯ? ಹೊಟ್ಟೆಕಿಚ್ಚು ಅಂದ್ಕೊಂಡ್ಯಾ? ಆ ವಯಸ್ಸು ದಾಟಿದೀನಿ ಕಣೋ.

ನೋಡು, ನಡೆದದ್ದು ಇಷ್ಟು. ವೈಜಾಗಿಂದ ಉತ್ತರಕ್ಕೆ ಕೆರೆಗಳ ಸಾಲಿದೆಯಲ್ಲ, ಅಲ್ಲಿ ಆದಿಮಾನವರು ಇದ್ದ ಜಾಗ ಏನಾದ್ರೂ ಸಿಗುತ್ತಾ ಅಂತ ಈ ಬೇಸಿಗೇಲಿ ಸರ್ವೆ. ಹರಿಣಿ ಪಾಲಿಗೆ ಕೊಂಗಲ ಚೆರುವು ಅನ್ನೋ ಕೆರೆ ಬಂತು. ಮೂರನೇ ದಿನಕ್ಕೇ ಫೋನು. ‘ಅಂಕುಲ್, ದೊರಿಕಿಂದಿ, ಸಿಕ್ಕಿಬಿಡ್ತು’ ಅಂತ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೂಗಾಡಿದ್ಲು. ಉಗುರಿನಷ್ಟು ಕಲ್ಲಿನ ಅಲಗುಗಳು, ಒಂದೇ ಕಡೆ ನಲವತ್ತೋ ಐವತ್ತೋ. ಮೂರೇ ದಿನಕ್ಕೆ! ಆಮೇಲೆ ಫೋಟೋ ಏನು, ಪೇಪರಲ್ಲಿ ಅರ್ಧ ಪುಟ ಏನು. ನಮ್ಮ ರಾಮಮೋಹನ್ ಸಾಹೇಬರಂತೂ ನನ್ನನ್ನ ಚೇಂಬರಿಗೇ ಕರೆಸಿ, ‘ರಮಾಕಾಂತ ಗಾರೂ, ಆ ಅಮ್ಮಾಯಿ ಕಣ್ಣು ನೋಡಿ, ಎಂಥ ಕಣ್ಣು’ ಅಂದ್ರು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕಣ್ಣಿನ ಬಗ್ಗೆ ಆ ಪುಣ್ಯಾತ್ಮ, ಕನ್ನಡಕ ಬದಲಾಯಿಸಿ ಅಂದದ್ದು ಬಿಟ್ಟರೆ ಬೇರೇನೂ ಹೇಳಿಲ್ಲ.

ಇರಲಿ. ಆಮೇಲೆ ಕಲ್ಲಿನ ಚೀಲ ಇಲ್ಲಿಗೆ ಬಂತು. ನಮ್ಮಲ್ಲೊಂದು ಪದ್ಧತಿ ಇದೆ. ಪ್ರತಿ ಚೀಲಕ್ಕೂ ಎರಡು ಚೀಟಿ, ಹೊರಗೊಂದು, ಒಳಗೊಂದು. ಹೊರಗಿನದರಲ್ಲಿ ಬರೀ ಜಾಗ, ಒಳಗಿನದರಲ್ಲಿ ಯಾವ ಜಾಗ, ಯಾವ ದಿನ, ಹೆಕ್ಕಿದೋರು ಯಾರು. ಚೀಟಿ ಇಲ್ಲದ ಕಲ್ಲನ್ನ ಯಾರೂ ಮೂಸಿ ನೋಡಲ್ಲ. ಹೊರಗಿನದು ಉಜ್ಜಿ ಉಜ್ಜಿ ಅಳಿಸಿಹೋಗುತ್ತೆ, ಅದಕ್ಕೆ ಒಳಗಿನದನ್ನೇ ನಂಬೋದು. ಸಮಿತಿ ಮುಂದೆ ಸೀಲು ಒಡೆದರೆ ಹೊರಗಡೆ ಕೊಂಗಲ ಚೆರುವು, ಒಳಗಿನ ಚೀಟೀಲಿ ಭೀಮಿಲಿಯ ಕೆಂಪು ದಿಬ್ಬ! ಅಕ್ಷರ ಹರಿಣಿಯದೇ. ಹಿಂದಿನ ವಾರ ಆ ದಿಬ್ಬದಲ್ಲೂ ಕಲ್ಲು ಆರಿಸಿದ್ಲಲ್ಲ. ಅಲ್ಲಿಯ ಕಲ್ಲನ್ನ ಕೆರೆ ಕಲ್ಲು ಅಂತ ತೋರಿಸಿದಾಳೆ ಅನ್ನೋದು ಸಮಿತಿಯ ಅನುಮಾನ. ನಾಳೆ ಅದನ್ನೇ ಬರೆದುಬಿಟ್ಟರೆ ಮುಗೀತು, ಇನ್ನು ಯಾವ ಸರ್ವೆಗೂ ಅವಳನ್ನ ಯಾರೂ ಕರೆಯಲ್ಲ.

ನನ್ನನ್ನ ಕೇಳಿದರೆ, ಬೇಕಂತ ಮಾಡಿದ್ದಲ್ಲ ಅಂತೀನಿ. ಆತುರ. ಹೆಸರು ಬರಬೇಕು ಅನ್ನೋ ಆತುರದಲ್ಲಿ ಚೀಟಿ ಅದಲುಬದಲಾಗಿದೆ. ಅಷ್ಟು ಹೇಳಿದರೆ ಸಾಕಲ್ವಾ?

ಸಾಲದಾ? ಮತ್ತೇನು, ಆ ಕೆರೇಲಿ ನಿಜವಾಗಿಯೂ ಆದಿಮಾನವರಿದ್ದರು ಅಂತ ಹೇಳಬೇಕಾ? ಹೇಗಪ್ಪ ಹೇಳಲಿ! ಎರಡು ಸಾವಿರದ ಮೂರರಲ್ಲಿ ಅದೇ ಕೆರೆ ಸುತ್ತಿದೋನು ನಾನು. ಹನ್ನೊಂದು ದಿನ, ಮೊಣಕಾಲುದ್ದ ಕೆಸರಲ್ಲಿ. ‘ಕೊಂಗಲ ಚೆರುವು, ಏನೂ ಇಲ್ಲ’ ಅಂತ ರಿಜಿಸ್ಟರಲ್ಲಿ ಬರೆದು ಸಹಿ ಹಾಕಿದೀನಿ. ಅದಕ್ಕೇ ಸಮಿತಿಯಿಂದ ನನ್ನನ್ನ ಹೊರಗಿಟ್ಟರು. ಚೀಲ ಬಿಚ್ಚುವಾಗಲೂ ಒಳಗೆ ಬಿಡಲಿಲ್ಲ. ಇವತ್ತಿಗೂ ಅದರಲ್ಲಿ ಒಂದು ಕಲ್ಲು ಕಣ್ಣಾರೆ ನೋಡಿಲ್ಲ ನಾನು.

ಏನಂದೆ? ಯಾವ ತಿಂಗಳು ಅಂತಾನಾ?

...ನವೆಂಬರ್. ಹೌದಪ್ಪ, ಕೆರೆ ತುಂಬಿತ್ತು. ಇವಳು ಹೋದದ್ದು ಮೇ ತಿಂಗಳಲ್ಲಿ, ನೀರು ಹಿಂದೆ ಸರಿದು ದಂಡೆ ಪೂರಾ ಬಿಚ್ಕೊಂಡಿತ್ತು. ನನಗೆ ನವೆಂಬರ್ ಕೊಟ್ಟರು, ಅವಳಿಗೆ ಮೇ ಕೊಟ್ಟರು. ಅಷ್ಟೇ ಕಣೋ ವ್ಯತ್ಯಾಸ, ಅಷ್ಟೇ. ಅದೇ ಜಾಗದ ಮೇಲೆ ನೀರಲ್ಲಿ ನಿಂತು ನಾನು ಬೀಡಿ ಸೇದಿರಬಹುದು... ಕಾಲ ಕೆಳಗೇ ಇತ್ತೇನೋ. ಅಷ್ಟಕ್ಕೆ ಅವಳದು ಎಂಥ ಕಣ್ಣು, ನನ್ನದು ಕುರುಡು?

ಉರಿಯುತ್ತೆ ಸುಬ್ಬು. ಹೌದು, ಹೊಟ್ಟೆ ಉರಿಯುತ್ತೆ, ಹೇಳಿದೆ, ಸಮಾಧಾನ ಆಯ್ತಾ? ಒಬ್ಬ ಮನುಷ್ಯ ಜೀವಮಾನವೆಲ್ಲ ಬಿಸಿಲಲ್ಲಿ ಬಗ್ಗಿ ನಡೆದರೂ ಅಂಥದ್ದೊಂದು ಸಿಗಲ್ಲ. ಅದರಲ್ಲೊಂದು ಜೇನಿನ ಬಣ್ಣದ್ದು ಇದೆ ನೋಡು, ಕಿಟಕಿ ಬೆಳಕಿಗೆ ಹಿಡಿದರೆ ಅಂಚಲ್ಲಿ ಬೆಳಕು ತೂರಿ ಬರುತ್ತೆ. ಬೆರಳು ತಾಗಿಸಿದೆ ಅಷ್ಟೇ, ಕೊಯ್ದೇಬಿಡ್ತು. ಎಷ್ಟು ಸಾವಿರ ವರ್ಷ ಕೆಸರಲ್ಲಿ ಬಿದ್ದಿದ್ದರೂ ಆ ಹರಿತ ಹೋಗಿಲ್ಲ. ಕೆಂಪು ದಿಬ್ಬದ ಕಲ್ಲಿಗೆ ಆ ಬಣ್ಣ ಎಲ್ಲಿಂದ ಬರಬೇಕು...

ಯಾಕೆ ಹಾಗೆ ನೋಡ್ತೀಯ?

ಫೋಟೋದಲ್ಲಿ ನೋಡಿದ್ದು. ಫೋಟೋ ಕಳಿಸಿದ್ಲಲ್ಲ... ಬೆರಳಾ? ಬೆರಳು... ಅದು ತರಕಾರಿ ಹೆಚ್ಚುವಾಗ...

ಬೈಯಿ ಬೇಕಾದ್ರೆ. ಲೋಟ ಕೆಳಗಿಟ್ಟು ನನ್ನ ಬೆರಳು ಹಿಡಿದು ತಿರುಗಿಸಿ ನೋಡಬೇಡ, ಹೇಳ್ತೀನಿ.

ವೈಜಾಗ್ ಕ್ಯಾಂಪಿಗೆ ಹೋಗಿದ್ದೆ. ಭಾನುವಾರ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ರು, ಚೀಲಕ್ಕಿನ್ನೂ ಸೀಲು ಹಾಕಿರಲಿಲ್ಲ. ನೋಡೋಣ ಅಂತಷ್ಟೇ ಬಿಚ್ಚಿದ್ದು, ನಿನ್ನಾಣೆ. ಪಕ್ಕದಲ್ಲೇ ಭೀಮಿಲಿ ಚೀಲ ಇತ್ತು. ಅದರ ಚೀಟಿ ತೆಗೆದು ಇದಕ್ಕೆ ಹಾಕಿದೆ. ಒಂದು ನಿಮಿಷದ ಕೆಲಸ.

ಇದರ ಚೀಟಿ ಹರಿದು ಬಿಸಾಕಬೇಕಿತ್ತು. ಆಗಲಿಲ್ಲ. ಎರಡು ಸಲ ಕೈಗೆ ತಗೊಂಡೆ, ಹರಿಯೋಕೆ ಕೈ ಬರಲಿಲ್ಲ. ಚೀಟಿ ಹರಿಯೋನು ಈ ಕೆಲಸಕ್ಕೆ ನಾಲಾಯಕ್ಕು ಅಂತ ನಿನ್ನ ಮಗಳಿಗೆ ಕಲಿಸಿದೋನೇ ನಾನು. ಇಲ್ಲೇ ಇದೆ, ಈ ಬೀರುವಿನಲ್ಲಿ. ಕೂತ್ಕೋ, ಎದ್ದು ಹೋಗಬೇಡ, ಕೊಡ್ತೀನಿ.

ತಗೋ. ನಾಳೆ ನೀನೇ ಕೊಡ್ತೀಯೋ, ನನ್ನ ಕೈಯಲ್ಲೇ ಕೊಡಿಸ್ತೀಯೋ, ನಿನ್ನಿಷ್ಟ. ಈಗ ಓದಬೇಡ...

ಓದಿದ್ಯಾ. ಹೂಂ. ಹೆಕ್ಕಿದೋರ ಜಾಗದಲ್ಲಿ ಎರಡು ಹೆಸರಿದೆ. ಮೊದಲು ನನ್ನದು, ಆಮೇಲೆ ಅವಳದು, ಎರಡೂ ಅವಳ ಅಕ್ಷರವೇ. ಆ ದಿನ ನಾನು ಕೆರೆ ಹತ್ತಿರಾನೂ ಇರಲಿಲ್ಲ, ಭಿಕ್ಷೆ ಹಾಕಿದ ಹಾಗೆ ಬರೆದಿದಾಳೆ.

ಅಲ್ಲ ಸುಬ್ಬು, ನೋಡದೆ ಬದಲಾಯಿಸಿದ್ದಲ್ಲ. ಅದನ್ನ ಓದಿದ ಮೇಲೇ ಬದಲಾಯಿಸಿದ್ದು. ಬರೀ ಅವಳ ಹೆಸರೊಂದೇ ಇದ್ದಿದ್ದರೆ ಚೀಲ ಕಟ್ಟಿಟ್ಟು ಸುಮ್ಮನೆ ಎದ್ದು ಬರ್ತಿದ್ದೆ.