ಶಿವಬಸಮ್ಮನವರ ಹೊಲದ ತೊಗರಿ ಬೇರು

ಬೀಜ ಬೆಳೆಗಾರರ ಸಂಘವನ್ನು ಕಟ್ಟಿ ಬೆಳೆಸಿದ, ಈ ಸಭೆಯ ಅಧ್ಯಕ್ಷರಾದ ಪ್ರಭುರಾಜ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಿತ್ತನೆಯ ಅವಸರದಲ್ಲೂ ಬಿಡುವು ಮಾಡಿಕೊಂಡು ಬಂದ ರೈತ ತಾಯಂದಿರೇ, ಸಭಿಕರೇ,

ವರ್ಗವಾಗಿ ಹೊರಟವನನ್ನು ಕರೆದು ಸನ್ಮಾನಿಸುತ್ತಿರುವುದು ನಿಮ್ಮ ದೊಡ್ಡತನ. ಕಣ್ಣಿಗೆ ಕಾಣದ ಜೀವಿಗಳನ್ನು ಸಾಕಿದವರು ಎಂದು ಅಧ್ಯಕ್ಷರು ನನ್ನನ್ನು ಹೊಗಳಿದರು. ಪ್ರಯೋಗಾಲಯದಲ್ಲಿ ಇಪ್ಪತ್ನಾಲ್ಕು ವರ್ಷ ಸಾಕಿದ್ದು ನಿಜ. ಅವು ಒಂದು ದಿನವೂ ನನ್ನ ಮಾತು ಕೇಳಲಿಲ್ಲ ಎಂಬುದೂ ನಿಜ.

ಅವುಗಳ ಕೆಲಸವೇನು? ತೊಗರಿಯ ಬೇರು ತನ್ನ ಸುತ್ತಲಿನ ಮಣ್ಣಿಗೆ ಒಂದಿಷ್ಟು ಸಿಹಿಯನ್ನು ಬಿಟ್ಟುಕೊಡುತ್ತದೆ. ಅಲ್ಲಿಗೆ ಬರುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಮಣ್ಣಿನಲ್ಲಿ ಬಿಗಿದು ಕುಳಿತ ರಂಜಕವನ್ನು ಕರಗಿಸುತ್ತವೆ. ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಬೇರಿನೊಳಗೇ ಹೊಕ್ಕು, ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡ ಉಣ್ಣುವಂತೆ ಮಾಡಿಕೊಡುತ್ತದೆ. ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣಬೇಕು. ಬಿಳಿಯಿದ್ದರೆ ಅಲ್ಲಿ ಕೆಲಸ ನಡೆದಿಲ್ಲವೆಂದು ಅರ್ಥ.

ಸನ್ಮಾನ ಪತ್ರದಲ್ಲಿ ನಾನು ಬರೆದ ಬೀಜೋಪಚಾರದ ಕರಪತ್ರವನ್ನು ಕುರಿತು 'ದೋಷರಹಿತ' ಎಂಬ ಮಾತಿದೆ. ಆ ಮಾತನ್ನು ಕೇಳಿಸಿಕೊಂಡು ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ. ನಿಮ್ಮ ಕೈಯಲ್ಲಿರುವುದು ಎರಡನೆಯ ಮುದ್ರಣ. ಮೊದಲನೆಯದರ ವಿಷಯ ಹೇಳುತ್ತೇನೆ.

ಬೀಜಕ್ಕೆ ಮೊದಲು ಶಿಲೀಂಧ್ರನಾಶಕ ಲೇಪಿಸಿ ಒಣಗಿಸಬೇಕು. ಎಲ್ಲಕ್ಕಿಂತ ಕೊನೆಗೆ, ಬಿತ್ತುವ ಹೊತ್ತಿಗೆ, ಬೆಲ್ಲದ ಪಾಕದಲ್ಲಿ ಕಲಸಿದ ಜೈವಿಕ ಗೊಬ್ಬರ, ಅಂದರೆ ಈ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ಕರಿ ಪುಡಿ. ಆರು ವರ್ಷಗಳ ಹಿಂದೆ ನಾನು ಇದನ್ನು ತಿರುಗುಮುರುಗಾಗಿ ಬರೆದೆ. ಮೊದಲು ಜೀವವನ್ನು ಅಂಟಿಸಿ, ಅದರ ಮೇಲೆ ವಿಷವನ್ನು ಸುರಿಯಿರಿ ಎಂದಂತಾಯಿತು. ಕರಡನ್ನು ಮೂರು ಬಾರಿ ತಿದ್ದಿದವನೂ ನಾನೇ.

ಹೆಚ್ಚಿನವರು ಕರಪತ್ರವನ್ನು ಓದಲೇ ಇಲ್ಲ, ಹಳೆಯ ರೂಢಿಯಂತೆ ಮಾಡಿ ಪಾರಾದರು. ಹನುಮಸಾಗರದ ಕಡೆಯ ಶಿವಬಸಮ್ಮನವರು ಮಾತ್ರ ಸೊಸೆಯಿಂದ ಸಾಲುಸಾಲಾಗಿ ಓದಿಸಿಕೊಂಡು, ಹಾಗೆಯೇ ಮಾಡಿದರು. ಅವರದು ಪ್ರಾತ್ಯಕ್ಷಿಕೆಯ ಹೊಲ, ಬೇರೆ ರೈತರಿಗೆ ತೋರಿಸುವುದಕ್ಕಾಗಿಯೇ ಆರಿಸಿದ್ದು. ನಲವತ್ತೈದನೆಯ ದಿನ ನಲವತ್ತು ಜನರೆದುರು ಗಿಡ ಕಿತ್ತೆ. ಗಂಟುಗಳು ವಿರಳ. ಸೀಳಿದೆ. ಬಿಳಿ.

"ಪುಡಿ ಹಚ್ಚಿದ್ದಿರೇನು?" ಎಂದು ಕೇಳಿದೆ.

"ಹಚ್ಚೀನ್ರಿ ಸಾಹೇಬ್ರ. ಕಾಗದದಾಗ ಹೆಂಗೈತಿ ಹಂಗ ಹಚ್ಚೀನ್ರಿ."

ಬೇರನ್ನು ಎತ್ತಿ ಹಿಡಿದು, "ಈ ಬೇರು ಹಾಗೆ ಹೇಳುತ್ತಿಲ್ಲವಲ್ಲ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಹಾಸ್ಯ ಮಾಡುವವನಲ್ಲ. ಅಂದು ಮಾಡಿದೆ. "ಕರಿ ಪುಡಿ ಕೊಟ್ಟಿದ್ದೆವು, ಜೊತೆಗೆ ಬೆಲ್ಲವೂ ಇತ್ತು. ಚಹಾ ಕಾಸಿಕೊಂಡು ಕುಡಿದಿರಬೇಕು" ಎಂದೆ.

ಜನ ನಕ್ಕರು. ಹಿಂದಿನಿಂದ ಯಾರೋ, "ಎಬ್ಬೇ ಶಿವಬಸವ್ವ, ನಮಗೂ ಒಂದ್ ಕಪ್ ಕೊಡಬೇಕಿತ್ತಲ್ಲ!" ಎಂದು ಕೂಗಿದರು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. ನಾನು ವರದಿಯಲ್ಲಿ 'ರೈತ ಮಹಿಳೆ ಬೀಜೋಪಚಾರ ಮಾಡಿರುವುದಿಲ್ಲ' ಎಂದು ಬರೆದೆ. ಆ ಒಂದು ಸಾಲಿನ ಮೇಲೆ ಸಂಘವು ಅವರ ಹೆಸರನ್ನು ಬೀಜ ಬೆಳೆಗಾರರ ಪಟ್ಟಿಯಿಂದ ತೆಗೆಯಿತು. ಊರಿನಲ್ಲಿ ಅವರಿಗೆ 'ಚಾದ ಶಿವಬಸವ್ವ' ಎಂಬ ಹೆಸರು ಉಳಿಯಿತು.

ಮರುವಾರ ನಮ್ಮ ಸಹಾಯಕ ಮೆಹರಾಜ ಕರಪತ್ರವನ್ನು ನನ್ನ ಮೇಜಿನ ಮೇಲಿಟ್ಟರು. "ಸರ, ಆ ಅವ್ವ ಖರೇನ ಹೇಳ್ಯಾಳ. ಕಾಗದದಾಗಿದ್ದಂಗ ಮಾಡ್ಯಾಳ. ಕಾಗದನ ತಪ್ಪೈತಿ ನೋಡ್ರಿ."

ನೋಡಿದೆ. ಏನು ಮಾಡಿದೆ? ಉಳಿದ ಪ್ರತಿಗಳನ್ನು ತರಿಸಿ ಸುಡಿಸಿದೆ. ಹೊಸದಾಗಿ ಅಚ್ಚು ಹಾಕಿಸಿದೆ. ಕರಪತ್ರವನ್ನು ತಿದ್ದಿದೆ, ವರದಿಯನ್ನು ತಿದ್ದಲಿಲ್ಲ. ಮೆಹರಾಜ ಎರಡು ಸಲ ನೆನಪಿಸಿದರು. ಆಮೇಲೆ ಅವರೂ ಬಿಟ್ಟರು. ಹನುಮಸಾಗರದ ದಾರಿಯಲ್ಲಿ ಕೆಲಸ ಬಿದ್ದಾಗಲೆಲ್ಲ ಬೇರೆಯವರನ್ನು ಕಳಿಸಿದೆ.

ಈ ಹೊತ್ತು ಸಭಾಭವನದ ಬಾಗಿಲಲ್ಲಿ ಶಿವಬಸಮ್ಮನವರು ನನ್ನನ್ನು ತಡೆದು ನಿಲ್ಲಿಸಿದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಹೊಂಟೀರಂತಲ್ರಿ ಸಾಹೇಬ್ರ. ಅವತ್ತು ನಂದ ತಪ್ಪಾಗಿರಬೇಕ್ರಿ. ಸೊಸಿ ಏನ್ ಓದಿದಳೋ, ನಾ ಏನ್ ಕೇಳಿದ್ನೋ. ನಿಮ್ಮ ಹೆಸರು ಕೆಡಿಸಿದೆ, ಮನಸಿನಾಗ ಇಟ್ಕೋಬ್ಯಾಡ್ರಿ" ಎಂದರು.

ಆರು ವರ್ಷಗಳಲ್ಲಿ ಆಕೆ ತನ್ನ ನೆನಪಿಗಿಂತ ನನ್ನ ಮಾತನ್ನೇ ಹೆಚ್ಚು ನಂಬಿದ್ದರು. ಸೊಸೆಯನ್ನೂ ಅನುಮಾನಿಸಿದ್ದರು. ಆಗ ನಾನು ಏನೆಂದೆ ಗೊತ್ತೇ? "ಇರಲಿ ಬಿಡ್ರಿ ಅಮ್ಮಾ" ಎಂದೆ. ಸಭಿಕರೇ, ನಾನು ಅವರನ್ನು ಕ್ಷಮಿಸಿದೆ.

ಅಧ್ಯಕ್ಷರೇ, ಅಂದಿನ ವರದಿ ಸುಳ್ಳು. ತಿದ್ದಿದ ವರದಿಯನ್ನು ಈ ವೇದಿಕೆಯ ಮೇಲೆಯೇ ಬರೆದು, ಈಗಷ್ಟೇ ಸಹಿ ಹಾಕಿ ತಮ್ಮ ಮುಂದಿಟ್ಟಿದ್ದೇನೆ. ಅವರ ಹೆಸರು ಈ ಹಂಗಾಮಿನ ಪಟ್ಟಿಗೆ ಬರಬೇಕು.

ಶಿವಬಸಮ್ಮನವರೇ, ಮೂರನೆಯ ಸಾಲಿನಲ್ಲಿ ನಿಮ್ಮ ಪಕ್ಕದಲ್ಲಿ ಸೊಸೆಯೂ ಕುಳಿತಿದ್ದಾರೆ. ಅವರು ಸರಿಯಾಗಿಯೇ ಓದಿದ್ದರು. ನೀವು ಸರಿಯಾಗಿಯೇ ಕೇಳಿದ್ದಿರಿ. ನಾನು ತಪ್ಪು ಬರೆದಿದ್ದೆ. ದಯವಿಟ್ಟು ನೀವು 'ಇರಲಿ ಬಿಡ್ರಿ' ಎನ್ನಬೇಡಿ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ. ತಮ್ಮೆಲ್ಲರಿಗೂ ವಂದನೆಗಳು. ನಮಸ್ಕಾರ.